ಬಿಸಿಲು ಕೇಳಿ ಗಿಡ ಕೊಡುತ್ತಿದ್ದವರು

ಅವರ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸಭಾಭವನದಲ್ಲಿ ಊಟಕ್ಕೆ ಮೊದಲು ನುಡಿನಮನ ಇತ್ತು. ನಾಲ್ಕು ಜನ ಮಾತಾಡಿದರು. ಒಬ್ಬರು ಅವರನ್ನು ಮೃದುಭಾಷಿ ಎಂದರು. ಇನ್ನೊಬ್ಬರು, ಕೇಳಿ ಬಂದವರಿಗೆ ಇಲ್ಲ ಎಂದು ಹೇಳಿದವರೇ ಅಲ್ಲ ಎಂದರು. ನಾನು ಕೂತಲ್ಲಿಂದಲೇ ಸುತ್ತ ನೋಡಿದೆ. ಆ ಸಭೆಯಲ್ಲಿ ಅವರಿಂದ ಇಲ್ಲ ಎನ್ನಿಸಿಕೊಂಡವರು, ನನ್ನನ್ನೂ ಸೇರಿಸಿ, ಕಡಿಮೆಯೆಂದರೂ ಹತ್ತು ಜನ ಇದ್ದೆವು. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆವು. ಸತ್ತವರಿಗೆ ಒಳ್ಳೆಯ ಗುಣಗಳನ್ನು ಹಂಚುವುದರಲ್ಲಿ ನಮ್ಮ ಊರಿನ ಕೈ ದೊಡ್ಡದು. ಬದುಕಿರುವಾಗ ಮಾತ್ರ ಸ್ವಲ್ಪ ಬಿಗಿ.

ಅವರು ಮೃದುಭಾಷಿ ಆಗಿರಲಿಲ್ಲ. ಕಾವೂರಿನಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಇಪ್ಪತ್ತು ವರ್ಷ ಹೂಗಿಡಗಳ ನರ್ಸರಿ ನಡೆಸಿ, ಬಂದ ಗಿರಾಕಿಗಳಲ್ಲಿ ಅರ್ಧ ಜನರನ್ನು ಬರಿಗೈಯಲ್ಲಿ ಕಳಿಸಿದ ಮನುಷ್ಯ ಅವರು. ದೊಡ್ಡ ಬಂಟ ಮನೆತನ. ಅಣ್ಣ ಹೋಟೆಲುಗಳ ಧಣಿ. ಮನೆಯವರ ಲೆಕ್ಕದಲ್ಲಿ ಇವರು ಕೆಟ್ಟುಹೋದವರು. ಕುಡಿದು ಕೆಟ್ಟಿದ್ದರೆ ಕುಟುಂಬಕ್ಕೆ ಅರ್ಥವಾಗುತ್ತಿತ್ತು. ಗಿಡ ನೆಟ್ಟು ಕೆಟ್ಟದ್ದು ಯಾರಿಗೂ ಅರ್ಥವಾಗಲಿಲ್ಲ.

ನಾನು ಹೈಸ್ಕೂಲಿನ ಕನ್ನಡ ಟೀಚರ್. ಮನೆಯಲ್ಲಿ ಕೊಂಕಣಿ, ಮಾರ್ಕೆಟಿನಲ್ಲಿ ತುಳು, ಸಂಬಳಕ್ಕೆ ಕನ್ನಡ. ಶಕ್ತಿನಗರದಲ್ಲಿ ಮೂರನೇ ಮಾಳಿಗೆಯ ಫ್ಲಾಟಿಗೆ ಹೊಸದಾಗಿ ಬಂದಿದ್ದೆವು. ನೆಂಟರು ಬರುವವರಿದ್ದರು. ಹಾಲ್‌ನಲ್ಲಿ ಒಂದು ಹೂಗಿಡ ಇದ್ದರೆ ಚಂದ ಎಂದುಕೊಂಡು ಅವರ ನರ್ಸರಿಗೆ ಹೋದೆ. ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಕುಂಡಕ್ಕೆ ಮಣ್ಣು ತುಂಬುತ್ತಿದ್ದ ತೆಳ್ಳಗಿನ ಮನುಷ್ಯ ತಲೆ ಎತ್ತಲಿಲ್ಲ.

“ದಾಸವಾಳ ಬೇಕಿತ್ತು. ಹಾಲ್‌ನಲ್ಲಿ ಇಡ್ಲಿಕ್ಕೆ.”

“ಹಾಲ್‌ನಲ್ಲಿ ಎಂತ ಉಂಟು?”

“ಸೋಫಾ ಉಂಟು, ಟಿ.ವಿ. ಉಂಟು.”

“ಅದಲ್ಲ. ಬಿಸಿಲು ಉಂಟಾ?”

“ಬೆಳಕು ಉಂಟು. ಲೈಟ್ ಹಾಕಿದರೆ ಒಳ್ಳೆ ಬೆಳಕು.”

ಈಗ ತಲೆ ಎತ್ತಿದರು. “ನಿಮ್ಮ ಕಿಟಕಿ ಯಾವ ದಿಕ್ಕಿಗೆ?”

“ಗೊತ್ತಿಲ್ಲ. ರಸ್ತೆ ಕಡೆಗೆ.”

“ಈ ಊರಲ್ಲಿ ಫ್ಲಾಟ್ ತೆಗೊಳ್ಳುವಾಗ ಲಿಫ್ಟ್ ಉಂಟಾ ಕೇಳ್ತಾರೆ, ಕಾರ್ ಇಡ್ಲಿಕ್ಕೆ ಜಾಗ ಉಂಟಾ ಕೇಳ್ತಾರೆ, ಪಕ್ಕದಲ್ಲಿ ಯಾವ ಜಾತಿಯವರು ಅಂತ ಮೆಲ್ಲಗೆ ಕೇಳ್ತಾರೆ. ಸೂರ್ಯ ಯಾವ ಕಡೆಯಿಂದ ಬರ್ತಾನೆ ಅಂತ ಒಬ್ಬರೂ ಕೇಳುದಿಲ್ಲ. ಎಂತ ಕೆಲಸ ನಿಮಗೆ?”

“ಟೀಚರ್.”

“ಹಾಗಾದರೆ ಹೋಂವರ್ಕ್ ಮಾಡ್ಲಿಕ್ಕೆ ಗೊತ್ತುಂಟು.”

ಹೋಂವರ್ಕ್ ಹೀಗಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಕಾಗದ ಇಡಬೇಕು. ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಬೇಕು. ಬೆರಳುಗಳೆಲ್ಲ ಬೇರೆ ಬೇರೆ ಕಾಣುವ ಕಡು ನೆರಳು ಬಿದ್ದರೆ ಅದು ದಾಸವಾಳದ ಜಾಗ. ಮಂದವಾಗಿ ಕೈಯ ಆಕಾರ ಮಾತ್ರ ಕಂಡರೆ ಆಂಥೂರಿಯಂ ಆದೀತು. ನೆರಳೇ ಬೀಳದಿದ್ದರೆ?

“ನೆರಳೇ ಬೀಳದಿದ್ದರೆ ನಿಮ್ಮ ಮದುವೆಯ ಫೋಟೋ ಇಡಿ. ಅದಕ್ಕೆ ಬಿಸಿಲು ಬೇಡ” ಎಂದು ಮತ್ತೆ ಮಣ್ಣಿಗೆ ಕೈ ಹಾಕಿದರು.

ಮಕ್ಕಳಿಗೆ ಹೋಂವರ್ಕ್ ಕೊಟ್ಟು ಕೊಟ್ಟು ಬದುಕಿದ ನಾನು, ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದು, ಹಾಲ್‌ನ ನಡುವೆ ಕಾಗದ ಇಟ್ಟು ಆಶೀರ್ವಾದ ಮಾಡುವ ಪಾದ್ರಿಯ ಹಾಗೆ ಕೈ ಚಾಚಿ ನಿಂತೆ. ಗಂಡ ಪೇಪರಿನ ಹಿಂದಿನಿಂದ ನೋಡಿ ಪುಟ ತಿರುಗಿಸಿದರು. ಹಾಲ್‌ನಲ್ಲಿ ಮೂರು ಹೊತ್ತೂ ನೆರಳು ಬೀಳಲಿಲ್ಲ. ನಾನು ಇಷ್ಟು ದಿನ ಬೆಳಕು ಎಂದುಕೊಂಡಿದ್ದದ್ದು ಟ್ಯೂಬ್‌ಲೈಟು. ಮಲಗುವ ಕೋಣೆಯ ಪೂರ್ವದ ಕಿಟಕಿಯಲ್ಲಿ ಮಂದ ನೆರಳು. ಪಶ್ಚಿಮದ ಬಾಲ್ಕನಿಯಲ್ಲಿ ನಾಲ್ಕಕ್ಕೆ ಬೆರಳಿನ ಉಂಗುರ ಕೂಡ ನೆರಳಿನಲ್ಲಿ ಕಂಡಿತು.

“ಕಣ್ಣನ್ನು ನಂಬಬಾರದು” ಎಂದರು, ನಾನು ಹೋಗಿ ವರದಿ ಒಪ್ಪಿಸಿದಾಗ. “ಕಣ್ಣು ಕತ್ತಲೆಗೆ ಹೊಂದಿಕೊಳ್ತದೆ. ಗಿಡ ಹೊಂದಿಕೊಳ್ಳುದಿಲ್ಲ.” ಬಾಲ್ಕನಿಗೆ ದಾಸವಾಳ, ಪೂರ್ವದ ಕಿಟಕಿಯಿಂದ ಎರಡು ಅಡಿ ಒಳಗೆ ಆಂಥೂರಿಯಂ ಎಂದು ಎರಡು ಗಿಡ ಕೊಟ್ಟರು. ಕೊಡುವಾಗ ಮುಖ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗಿತ್ತು.

ನಾನು ದಾಸವಾಳವನ್ನು ಬಾಲ್ಕನಿಯಲ್ಲಿಟ್ಟೆ. ಆಂಥೂರಿಯಂ ಮಾತ್ರ ಹಾಲ್‌ನಲ್ಲಿ, ಟಿ.ವಿ.ಯ ಪಕ್ಕ. ನೆಂಟರು ಮಲಗುವ ಕೋಣೆಗೆ ಬಂದು ಹೂ ನೋಡುತ್ತಾರೆಯೆ? ಆರು ತಿಂಗಳಲ್ಲಿ ಅದರ ಎಲೆಗಳು ಕಡು ಹಸಿರಾದವು, ದಂಟುಗಳು ಕಿಟಕಿ ಹುಡುಕುತ್ತ ಉದ್ದ ಆದವು, ಹೂ ಮಾತ್ರ ಒಂದೂ ಬರಲಿಲ್ಲ. ಒಂದು ದಿನ ಮಣ್ಣಿನ ಚೀಲ ತಂದುಕೊಡಲು ಅವರೇ ಸ್ಕೂಟರಿನಲ್ಲಿ ಬಂದರು. ಬಾಗಿಲಲ್ಲೇ ನಿಂತು ಗಿಡವನ್ನೂ ನನ್ನನ್ನೂ ನೋಡಿದರು.

“ಬದುಕಿ ಉಂಟಲ್ಲ” ಎಂದೆ.

“ಬದುಕಿ ಉಂಟು. ಬದುಕುದು ಬೇರೆ, ಹೂ ಬಿಡುದು ಬೇರೆ. ಈ ಊರಲ್ಲಿ ಎಷ್ಟೋ ಜನ ಬದುಕಿ ಇದ್ದಾರೆ.”

ಅವಮಾನವಾಯಿತು. ಅವರು ಹೋದ ಕೂಡಲೇ ಪಶ್ಚಾತ್ತಾಪದಿಂದ ಗಿಡವನ್ನು ಪಶ್ಚಿಮದ ಬಾಲ್ಕನಿಗೆ ಸಾಗಿಸಿದೆ. ಏಪ್ರಿಲ್ ತಿಂಗಳು. ಮೂರೇ ದಿನದಲ್ಲಿ ಎಲೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಕಂದು ಕಲೆ ಬಿತ್ತು. ಎಲೆ ಕಿತ್ತು ತೋರಿಸಲು ಹೋದೆ.

“ಟೀಚರೇ, ವರ್ಷ ಇಡೀ ಪುಸ್ತಕ ಮುಟ್ಟದವನನ್ನು ನೀವು ಒಂದೇ ದಿನ ಪಬ್ಲಿಕ್ ಪರೀಕ್ಷೆಗೆ ಕೂರಿಸ್ತೀರಾ?”

“ಕೂರಿಸ್ತೇವೆ. ಅದೇ ನಮ್ಮ ಕೆಲಸ.”

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ಹೇಳಿಕೊಟ್ಟರು: ಆಂಥೂರಿಯಂಗೆ ಮಧ್ಯಾಹ್ನದ ಬಿಸಿಲು ಯಾವತ್ತೂ ಬೇಡ, ಬೆಳಗಿನದ್ದು ಸ್ವಲ್ಪ ಸಾಕು. ಕತ್ತಲಲ್ಲಿ ಇದ್ದದ್ದನ್ನು ಒಮ್ಮೆಲೇ ಕಿಟಕಿಗೆ ಒತ್ತಿ ಇಡಬಾರದು. ನಾಲ್ಕು ನಾಲ್ಕು ದಿನಕ್ಕೆ ಒಂದೊಂದು ಹೆಜ್ಜೆ ಹತ್ತಿರ ತರಬೇಕು. ಬಿಸಿಲು ಬೇಕಾದ ಗಿಡವನ್ನು ಒಳಗಿನಿಂದ ಹೊರಗೆ ಇಡುವಾಗಲೂ ಹಾಗೆಯೇ: ಮೊದಲು ಬೆಳಗಿನ ಒಂದು ಗಂಟೆ, ಮತ್ತೆ ಎರಡು. ನಾನು ಆಜ್ಞೆ ಪಾಲಿಸಿದೆ. ಮಳೆ ಮುಗಿಯುವಾಗ ಮಲಗುವ ಕೋಣೆಯಲ್ಲಿ ಮೂರು ಕೆಂಪು ಹೂ ಅರಳಿದವು. ನೆಂಟರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಹಾಸಿಗೆಯ ಚಾದರ ನೋಡಿಕೊಂಡು ಹೋದರು.

ಅಂದಿನಿಂದ ರಜೆಯ ದಿನ ನರ್ಸರಿಗೆ ಹೋಗುವುದು ನನಗೆ ಅಭ್ಯಾಸವಾಯಿತು. ಅರ್ಧ ಗಿಡಕ್ಕಾಗಿ, ಇನ್ನರ್ಧ, ಬೇರೆಯವರು ಬೈಸಿಕೊಳ್ಳುವುದನ್ನು ನೋಡಲು. ಸುರತ್ಕಲ್ ಕಡೆಯ ಒಬ್ಬ ಇಂಜಿನಿಯರಿಂಗ್ ಮೇಷ್ಟ್ರು ಮೊಬೈಲಿನಲ್ಲಿ ಬೆಳಕಿನ ಅಳತೆ ತೆಗೆದುಕೊಂಡು ಬಂದಿದ್ದರು. ದಕ್ಷಿಣದ ಬಾಲ್ಕನಿಯದ್ದು ಎಂದು ನಂಬರು ತೋರಿಸಿದರು.

“ಇದು ಯಾವ ತಿಂಗಳಿನದ್ದು?”

“ತಿಂಗಳು ಎಂತಕ್ಕೆ? ನಿನ್ನೆ ತೆಗೆದದ್ದು.”

“ನಿಮ್ಮ ಬಾಲ್ಕನಿ ದಕ್ಷಿಣಕ್ಕೆ. ಈಗ ಡಿಸೆಂಬರ್, ಸೂರ್ಯ ಆ ಕಡೆ ವಾಲಿದ್ದಾನೆ, ಒಳಗಿನವರೆಗೆ ಬಿಸಿಲು ಬರ್ತದೆ. ಮೇ ತಿಂಗಳಲ್ಲಿ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗ್ತಾನೆ. ಆಗ ನಿಮ್ಮ ಬೋಗನ್‌ವಿಲ್ಲಕ್ಕೆ ಈ ನಂಬರು ತೋರಿಸಿ ಸಮಾಧಾನ ಮಾಡ್ತೀರಾ?”

ಮೇಷ್ಟ್ರು ಗಿಡ ಇಲ್ಲದೆ ಹೋದರು. ಹೋಗುವ ಮೊದಲು ಅದನ್ನೆಲ್ಲ ಬರೆದುಕೊಂಡರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹೂ ಬರಲಿಕ್ಕೆ ಯಾವ ಗೊಬ್ಬರ ಎಂದು ಕೇಳಿದಾಗ, “ಕತ್ತಲೆಕೋಣೆಯಲ್ಲಿ ಕೂರಿಸಿ ಬಿರಿಯಾನಿ ಹಾಕಿದರೆ ಕೈದಿ ಹಾಡ್ತಾನಾ?” ಎಂದಿದ್ದರು. ಇಂಥ ವ್ಯಾಪಾರ ಇಪ್ಪತ್ತು ವರ್ಷ ಹೇಗೆ ನಡೆಯಿತು ಎಂದು ನನಗೆ ಆಶ್ಚರ್ಯ. ಆದರೆ ಅವರು ಕೊಟ್ಟ ಗಿಡ ಹೂ ಬಿಡುತ್ತಿತ್ತು. ಅದೊಂದೇ ಅವರ ಜಾಹೀರಾತು.

ಪ್ರತಿ ಸಲ ಯಾರಾದರೂ ಬರಿಗೈಯಲ್ಲಿ ಹೋದ ಮೇಲೆ ಅವರು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ಅದು ಮೂರ್ಖರ ಪಟ್ಟಿ ಎಂದು ನಾನು ತಿಳಿದಿದ್ದೆ. ಮೊದಲ ಪುಟದಲ್ಲೇ ನನ್ನ ಹೆಸರಿದ್ದೀತು ಎಂದುಕೊಂಡು ಕೇಳುವ ಧೈರ್ಯ ಮಾಡಲಿಲ್ಲ.

ಆ ಹೊತ್ತಿಗೆ ಅವರ ಅಣ್ಣ ಪೇಟೆಯಲ್ಲಿ ಹೊಸ ಹೋಟೆಲ್ ಕಟ್ಟಿಸಿದರು. ಉದ್ಘಾಟನೆಗೆ ಹತ್ತು ದಿನ ಇರುವಾಗ ಕಾರು ನರ್ಸರಿಯ ಎದುರು ನಿಂತಿತು. ಕಾರಿನ ಕಿಟಕಿ ಮಾತ್ರ ಇಳಿಯಿತು, ಅಣ್ಣ ಇಳಿಯಲಿಲ್ಲ. ಲಾಬಿ ತುಂಬ ಹೂಗಿಡ ಬೇಕಂತೆ. ಆರ್ಕಿಡ್, ಆಂಥೂರಿಯಂ, ಬೋಗನ್‌ವಿಲ್ಲ, ಗುಲಾಬಿ, ಎಲ್ಲ. ಇವರು “ಜಾಗ ನೋಡಬೇಕು” ಎಂದರು. ಮತ್ತೆ ನನ್ನ ಕಡೆ ತಿರುಗಿ, “ನೀವೂ ಬನ್ನಿ ಟೀಚರೇ. ಟೀಚರ್ ಎದುರಿಗಿದ್ದರೆ ಅವನು ಹೆಚ್ಚು ಬೈಲಿಕ್ಕಿಲ್ಲ” ಎಂದರು. ಇಷ್ಟು ಜನರಿಗೆ ಬೈದ ಮನುಷ್ಯ ಒಬ್ಬರಿಗೆ ಹೆದರುತ್ತಾರೆ ಎಂದು ಗೊತ್ತಾದದ್ದು ಆಗ.

ಲಾಬಿಯಲ್ಲಿ ಹಗಲು ಹನ್ನೊಂದಕ್ಕೂ ನಲವತ್ತು ದೀಪ ಉರಿಯುತ್ತಿತ್ತು. ಎದುರಿನ ಗಾಜಿಗೆಲ್ಲ ಕಪ್ಪು ಫಿಲ್ಮ್ ಅಂಟಿಸಿದ್ದರು. ಏ.ಸಿ.ಯಲ್ಲಿ ನನಗೇ ಚಳಿಯಾಯಿತು. ಇವರು ಚಪ್ಪಲಿ ಹೊರಗೆ ಬಿಟ್ಟು ಬಂದು, ಜೇಬಿನಿಂದ ಬಿಳಿ ಕಾಗದ ತೆಗೆದು ಹೊಳೆಯುವ ನೆಲದ ಮೇಲೆ ನಾಲ್ಕು ಕಡೆ ಇಟ್ಟು ಕೈ ಹಿಡಿದು ನೋಡಿದರು. ಸೂಟು ಹಾಕಿದ ಮ್ಯಾನೇಜರ್ ಇದೊಂದು ವಾಸ್ತುಶಾಂತಿ ಎಂದುಕೊಂಡು ಕೈಮುಗಿದು ನಿಂತರು.

ಅಣ್ಣತಮ್ಮ ಮಾತಾಡಿದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಇಲ್ಲಿ ಹೂಗಿಡ ಆಗುದಿಲ್ಲ ಅಣ್ಣ.”

“ಎಂತ ಆಗುದಿಲ್ಲ? ದೊಡ್ಡ ಹೋಟೆಲ್‌ಗಳಲ್ಲಿ ಎಲ್ಲ ಕಡೆ ಇಡ್ತಾರೆ.”

“ಇಡ್ತಾರೆ. ವಾರ ವಾರ ಬಿಸಾಡ್ತಾರೆ. ಬೇಕಾದರೆ ಎರಡು ದಾರಿ ಉಂಟು. ಪೂರ್ವದ ಗಾಜಿನ ಫಿಲ್ಮ್ ತೆಗಿ, ಅದರ ಬದಿಯಲ್ಲಿ ಮಾತ್ರ ಆಂಥೂರಿಯಂ, ಆರ್ಕಿಡ್ ಇಡುವ. ಇಲ್ಲದಿದ್ದರೆ ಮೂರು ಜೊತೆ ಗಿಡ ಇಡು. ಒಂದು ಜೊತೆ ಐದು ದಿನ ಒಳಗೆ ಡ್ಯೂಟಿ, ಮತ್ತೆ ಹತ್ತು ದಿನ ನನ್ನ ನೆರಳುಬಲೆಯ ಕೆಳಗೆ ರಜೆ. ಗುಲಾಬಿ, ಬೋಗನ್‌ವಿಲ್ಲ ಅಂತೂ ಹೊರಗೆ ಮೆಟ್ಟಿಲಿನ ಹತ್ರವೇ.”

“ಫಿಲ್ಮ್ ತೆಗೆದರೆ ಒಳಗೆ ಯಾರು ಯಾರೊಟ್ಟಿಗೆ ಕೂತಿದ್ದಾರೆ ಅಂತ ರಸ್ತೆಗೆಲ್ಲ ಕಾಣ್ತದೆ. ಮತ್ತೆ ದಿನಾ ಗಿಡ ಹೊತ್ತುಕೊಂಡು ಲಾಬಿಯಲ್ಲಿ ಓಡಾಡಿದರೆ ಇದು ಹೋಟೆಲಾ, ಮಾರ್ಕೆಟಾ? ನೀನು ಗಿಡ ಕೊಡ್ತೀಯಾ, ಇಲ್ವಾ?”

ಇವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಕೊಡುದಿಲ್ಲ” ಎಂದರು.

“ನಿನ್ನ ನರ್ಸರಿ ಯಾರ ಜಾಗದಲ್ಲಿ ಉಂಟು, ನೆನಪುಂಟಾ?”

“ಜಾಗ ನಿನ್ನದು. ಬಿಸಿಲು ನಿನ್ನದಲ್ಲ.”

ಮ್ಯಾನೇಜರ್ ಮುಗಿದ ಕೈ ಇಳಿಸಿದರು. ನಾನು ಗೋಡೆಯ ಚಿತ್ರ ನೋಡಿದೆ. ಟೀಚರ್ ಎದುರಿಗಿದ್ದದ್ದರಿಂದ ಅಣ್ಣ ಬೈಯಲಿಲ್ಲ. ಮಳೆಗಾಲ ಮುಗಿಯುವಾಗ ಜಾಗ ಖಾಲಿ ಮಾಡಬೇಕು ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಹೋಟೆಲಿಗೆ ಗಿಡ ಬೇರೆ ಕಡೆಯಿಂದ ಬಂತು. ಉದ್ಘಾಟನೆಯ ದಿನ ಲಾಬಿ ತೋಟದ ಹಾಗಿತ್ತಂತೆ. ಹನ್ನೆರಡನೇ ದಿನಕ್ಕೆ ಹೂಗಳೆಲ್ಲ ಉದುರಿದವು; ತಿಂಗಳಾಗುವಾಗ ಎಲೆಗಳು. ಅಣ್ಣನಿಗೆ ಬುದ್ಧಿ ಬಂದೀತು ಎಂದು ನೀವು ಕಾಯುತ್ತಿರಬಹುದು. ಬಂದದ್ದು ಬಟ್ಟೆಯ ಹೂಗಳು. ಅದಕ್ಕೆ ದಿನಕ್ಕೆರಡು ಸಲ ಸೆಂಟು ಹೊಡೆಯುತ್ತಾರೆ. ಜನ ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೋಟೆಲ್ ಚೆನ್ನಾಗಿ ನಡೆಯುತ್ತಿದೆ. ಸತ್ಯಕ್ಕೆ ಸಾವಿಲ್ಲ ಎಂದು ನಾನು ಎಂಟನೇ ಕ್ಲಾಸಿಗೆ ಈಗಲೂ ಕಲಿಸುತ್ತೇನೆ. ಅದು ಪರೀಕ್ಷೆಗೆ ಬರುತ್ತದೆ.

“ಹೋಗಿ ಅಣ್ಣನ ಹತ್ತಿರ ಒಂದು ಮಾತು ಹೇಳಿ, ಎಂತ ಆಗ್ತದೆ?” ಎಂದು ನಾನು ಒಮ್ಮೆ ಹೇಳಿ ನೋಡಿದೆ.

“ಹೇಳಬಹುದು. ಆದರೆ ಲಾಬಿಯಲ್ಲಿ ಬೆಳಕು ಉಂಟು ಅಂತ ಹೇಳಬೇಕಾಗ್ತದಲ್ಲ” ಎಂದರು. ಆ ದಿನ ಅವರು ಯಾರಿಗೂ ಬೈಯಲಿಲ್ಲ. ಗಿರಾಕಿಗಳೇ ಹೆದರಿ, ಹುಷಾರಿದ್ದೀರಾ ಎಂದು ಕೇಳಿದರು.

ಖಾಲಿ ಮಾಡಲು ತಿಂಗಳಿರುವಾಗ ಅವರು ಒಂದು ಗೂಡ್ಸ್ ರಿಕ್ಷಾ ಗೊತ್ತು ಮಾಡಿ, ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. “ಗಿಡಗಳನ್ನು ಜನರ ಮನೆಗೆ ಮುಟ್ಟಿಸಬೇಕು. ನಾನೊಬ್ಬನೇ ಹೋದರೆ ಬೈಲಿಕ್ಕೆ ಬಂದೆ ಅಂತ ಬಾಗಿಲು ಹಾಕ್ತಾರೆ. ನೀವು ಮುಂದೆ ನಿಲ್ಲಿ.”

ರಿಕ್ಷಾದಲ್ಲಿ ಕೂತು ಪುಸ್ತಕ ಬಿಡಿಸಿದೆ. ಅದು ಮೂರ್ಖರ ಪಟ್ಟಿ ಆಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಬರಿಗೈಯಲ್ಲಿ ಕಳಿಸಿದ ಒಬ್ಬೊಬ್ಬರ ಮನೆಯೂ ಅದರಲ್ಲಿತ್ತು. ಬಾಲ್ಕನಿ ಉತ್ತರಕ್ಕೆ, ಎದುರು ಎರಡು ತೆಂಗಿನಮರ, ಮೇ ತಿಂಗಳಲ್ಲಿ ಮಾತ್ರ ಬಿಸಿಲು. ನಾಲ್ಕನೇ ಮಾಳಿಗೆ, ಪಶ್ಚಿಮ, ಗಾಳಿ ಜೋರು. ಪ್ರತಿಯೊಂದರ ಕೆಳಗೆ ಆ ಮನೆಯಲ್ಲಿ ಹೂ ಬಿಡಬಲ್ಲ ಗಿಡದ ಹೆಸರು. ನನ್ನ ಪುಟವೂ ಇತ್ತು. ಅದರಲ್ಲಿ ‘ಹೇಳಿದ್ದು ಕೇಳುದಿಲ್ಲ, ಆದರೆ ಮತ್ತೆ ಬರ್ತಾರೆ’ ಎಂದು ಬರೆದಿದ್ದರು.

ಎಂಟು ಭಾನುವಾರದ ಕೆಲಸವನ್ನು ನಾಲ್ಕು ಭಾನುವಾರದಲ್ಲಿ ಮುಗಿಸಿದೆವು. ಕೊಡುವಾಗಲೂ ಸ್ವಭಾವ ಬಿಡಲಿಲ್ಲ. ಪುಕ್ಕಟೆ ಗಿಡ ಬಂತೆಂದು ಸಂತೋಷಪಟ್ಟ ಒಬ್ಬರು ಅದನ್ನು ಫ್ರಿಜ್ಜಿನ ಮೇಲೆ ಇಡಲು ಹೊರಟಾಗ, ಕೈಯಿಂದ ಕಿತ್ತುಕೊಂಡು ಹೋಗಿ ತಾವೇ ಜಗಲಿಯಲ್ಲಿಟ್ಟು ಬಂದರು.

ಕಾವೂರು ಕೆರೆಯ ಹತ್ತಿರ, ಕುವೈಟಿನಲ್ಲಿ ನರ್ಸ್ ಆಗಿದ್ದು ಹಿಂದೆ ಬಂದ ನಮ್ಮ ಕ್ರೈಸ್ತ ಸಮಾಜದ ಒಬ್ಬ ಬಾಯಿಯ ಮನೆ; ಹಿರಿಯ ಹೆಂಗಸರನ್ನು ನಮ್ಮಲ್ಲಿ ಬಾಯಿ ಎನ್ನುತ್ತಾರೆ. ಪುಸ್ತಕದಲ್ಲಿ ಹೀಗಿತ್ತು: ‘ಅಂಗಳ ಪೂರ್ವಕ್ಕೆ. ನೆರೆಮನೆಯ ಹಲಸು ಅಡ್ಡ. ಬಿಸಿಲು ಒಂದು ಗಂಟೆ. ಗುಲಾಬಿ ಕೇಳಿದರು, ಕೊಡಲಿಲ್ಲ. ತುಂಬ ಆಸೆ ಇತ್ತು. ಪೀಸ್ ಲಿಲ್ಲಿ ಆದೀತು.’ ನಾವು ನೆರಳಲ್ಲೂ ಬಿಳಿ ಹೂ ಬಿಡುವ ಆ ಪೀಸ್ ಲಿಲ್ಲಿ ಹಿಡಿದು ಗೇಟಿನ ಒಳಗೆ ಹೋದೆವು. ಆಕೆ ಹೊರಗೆ ಬಂದು ಇವರನ್ನು ನೋಡಿ ಗುರುತು ಹಿಡಿದರು. ಮುಖ ಗಟ್ಟಿಯಾಯಿತು.

“ಹತ್ತು ವರ್ಷದ ಹಿಂದೆ ನೀವು ನನ್ನನ್ನು ಓಡಿಸಿದ್ದು ನೆನಪುಂಟು.”

ಇವರು ಅಂಗಳದ ಮಧ್ಯೆ ನಿಂತು ಮೇಲೆ ನೋಡುತ್ತಿದ್ದರು. “ಹಲಸು ಎಲ್ಲಿ?”

“ನೆರೆಯವರು ಕಡಿಸಿದ್ರು. ಕಂಪೌಂಡ್ ಕಟ್ಟುವಾಗ. ಎರಡು ವರ್ಷ ಆಯ್ತು.”

“ಎರಡು ವರ್ಷದಿಂದ ಈ ಅಂಗಳ ಹೀಗೆ ಸುಮ್ಮನೆ ಬಿದ್ದಿದೆಯಾ? ನೀವು ಯಾಕೆ ಬಂದು ಹೇಳ್ಲಿಲ್ಲ?”

“ಓಡಿಸಿದವರ ಹತ್ರ ಮತ್ತೆ ಬರ್ಲಿಕ್ಕೆ ನನಗೆ ಹುಚ್ಚಾ?”

“ಇಲ್ಲ ಅಂದದ್ದು ನಿಮಗಲ್ಲ ಬಾಯಿ. ಆ ಹಲಸಿಗೆ.”

ಅಷ್ಟು ಹೇಳಿ ಪೀಸ್ ಲಿಲ್ಲಿಯನ್ನು ಹಿಂದೆ ರಿಕ್ಷಾಕ್ಕೆ ಕೊಂಡುಹೋದರು. ಬೇರೆ ಯಾರಿಗೋ ಎಂದು ತುಂಬಿದ್ದ ಗುಲಾಬಿ ಕುಂಡಗಳನ್ನು ಒಂದೊಂದಾಗಿ ಇಳಿಸಿದರು. ಆರು. ಬೆಳಗಿನಿಂದ ಎರಡು ಗಂಟೆಯವರೆಗೆ ಬಿಸಿಲು ಬೀಳುವ ಗೆರೆ ಹಿಡಿದು, ಒಂದಕ್ಕೊಂದು ನೆರಳು ಬೀಳದ ಹಾಗೆ ಸಾಲಾಗಿ ಇಟ್ಟರು. ಆಕೆ ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರು. ಬರುವಾಗ ಮುಖ ತೊಳೆದುಕೊಂಡಿದ್ದರು. ನಾನು ತಮಾಷೆಯ ಮಾತೊಂದನ್ನು ಹುಡುಕಿದೆ. ಸಿಗಲಿಲ್ಲ.

ನರ್ಸರಿ ಇದ್ದ ಜಾಗದಲ್ಲಿ ಈಗ ಅಣ್ಣನ ಹೋಟೆಲಿನ ಬೆಡ್‌ಶೀಟ್‌ಗಳನ್ನು ಒಣಗಿಸುತ್ತಾರೆ. ಬಿಸಿಲು ಅಲ್ಲಿ ಬಹಳ ಒಳ್ಳೆಯದಿದೆಯಂತೆ.

ನರ್ಸರಿ ಬಿಟ್ಟ ಮೇಲೆ ಅವರು ಅಕ್ಕನ ಮನೆಗೆ ಹೋದರು. ಅಕ್ಕ ಗಂಡನಿಲ್ಲದವರು, ಕಾವೂರಿನಲ್ಲೇ ಒಂದು ಸಾಲುಮನೆಯಲ್ಲಿ ಬಾಡಿಗೆಗೆ ಇದ್ದರು. ಕಿಟಕಿ ತೆರೆದರೆ ಬೇರೆಯವರ ಗೋಡೆ. ಮೊದಲ ಸಲ ಹೋದಾಗ ಒಂದಾದರೂ ಕುಂಡ ಇದ್ದೀತು ಎಂದು ಸುತ್ತ ನೋಡಿದೆ. “ಹುಡುಕಬೇಡಿ” ಎಂದರು. “ಇಲ್ಲಿ ಎಂತದೂ ಹೂ ಬಿಡುದಿಲ್ಲ. ಅದಕ್ಕೆ ಎಂತದೂ ಇಡ್ಲಿಲ್ಲ.” ನಿಯಮ ಎಂದರೆ ನಿಯಮ, ತಮಗೆ ಬೇರೆ, ಊರಿಗೆ ಬೇರೆ ಮಾಡಿಕೊಳ್ಳುವಷ್ಟು ಲೋಕಜ್ಞಾನ ಅವರಿಗೆ ಕೊನೆಗೂ ಬರಲಿಲ್ಲ. ವರ್ಷದೊಳಗೆ ಎದೆಯ ತೊಂದರೆ ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು.

ಕೊನೆಯ ಸಲ ನಾನು ಹೋದದ್ದು ಒಂದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ. ಅವರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಹೊರಗೆ ಕಾರು ನಿಂತ ಶಬ್ದವಾಯಿತು. ಅಣ್ಣ ಬಂದರು. ಕಾರಿನಿಂದ ಇಳಿದೇ ಬಂದರು. ಎರಡು ಕೈಯಲ್ಲಿ ಒಂದು ಮಲ್ಲಿಗೆಯ ಕುಂಡ. ಬಿಳಿ ಅಂಗಿಯ ಹೊಟ್ಟೆಯ ಮೇಲೆ ಕೆಸರು. ಡ್ರೈವರನ ಕೈಯಲ್ಲಿ ಕೊಡಬಹುದಿತ್ತು, ಕೊಟ್ಟಿರಲಿಲ್ಲ. ಆ ಲಾಬಿಯ ಮಾತಿನ ನಂತರ ಇಬ್ಬರೂ ಮುಖ ನೋಡಿರಲಿಲ್ಲ ಎಂದು ಅಕ್ಕ ನನಗೆ ಮೊದಲೇ ಹೇಳಿದ್ದರು. ಕುಂಡವನ್ನು ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದರು:

“ನಿನ್ನ ಅತ್ತಿಗೆ ತಂದು ಪೋರ್ಟಿಕೋದಲ್ಲಿ ಇಟ್ಟದ್ದು. ಎರಡು ವರ್ಷ ಆಯ್ತು. ಬರೀ ಎಲೆ. ನಿನ್ನ ಹತ್ರ ಕೇಳಿ ಬಾ ಅಂತ ಹೇಳಿದ್ಳು.”

ಇವರು ಮಂಚದಿಂದ ಬಗ್ಗಿ ಒಂದು ಬಳ್ಳಿ ಎತ್ತಿ ನೋಡಿದರು. ಗೆಣ್ಣಿನಿಂದ ಗೆಣ್ಣಿಗೆ ಎಷ್ಟು ದೂರ ಎಂದು ಬೆರಳಿನಲ್ಲಿ ಅಳೆದರು; ಬಿಸಿಲು ಸಾಲದ ಬಳ್ಳಿಯಲ್ಲಿ ಆ ದೂರ ಹೆಚ್ಚು. ಮತ್ತೆ ಶುರು ಮಾಡಿದರು. ಮಲ್ಲಿಗೆಯನ್ನು ಪೋರ್ಟಿಕೋದ ಕೆಳಗೆ ಕಾರಿನ ಪಕ್ಕ ಯಾರಾದರೂ ಇಡುತ್ತಾರಾ, ಮೂರು ಮಾಳಿಗೆಯ ಮನೆಗೆ ಟೆರೇಸ್ ಇರುವುದು ಎಂತಕ್ಕೆ, ನೀರಿನ ಟ್ಯಾಂಕಿಗೆ ಮಾತ್ರವಾ, ದಿನಕ್ಕೆ ಆರು ಗಂಟೆ ಬಿಸಿಲು ಇಲ್ಲದೆ ಮಲ್ಲಿಗೆ ಮೊಗ್ಗು ಹಾಕಿದ್ದನ್ನು ನಿನ್ನ ಜನ್ಮದಲ್ಲಿ ನೋಡಿದ್ದೀಯಾ, ಅಮ್ಮ ಮಲ್ಲಿಗೆಯನ್ನು ಎಲ್ಲಿ ನೆಟ್ಟಿದ್ದಳು ಅದಾದರೂ ನೆನಪುಂಟಾ. ಉಸಿರು ಕಟ್ಟಿದಾಗ ನಿಲ್ಲಿಸುತ್ತಿದ್ದರು. ಮತ್ತೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಮೂವತ್ತು ವರ್ಷದಿಂದ ಯಾರಿಂದಲೂ ಬೈಸಿಕೊಳ್ಳದ ಆ ದೊಡ್ಡ ಮನುಷ್ಯ ಕೆಸರಿನ ಅಂಗಿಯಲ್ಲಿ, ತಲೆ ತಗ್ಗಿಸಿ, ಪೂರ್ತಿ ಕೇಳಿದರು. ಒಂದು ಸಲ ಮಾತ್ರ “ಬಾವಿಕಟ್ಟೆಯ ಹತ್ರ” ಎಂದರು, ಅಮ್ಮನ ಪ್ರಶ್ನೆಗೆ.

ಬೈದು ಮುಗಿಯಿತು. ಅಣ್ಣ ಹೋಗಲೋ ನಿಲ್ಲಲೋ ತಿಳಿಯದೆ ಬಾಗಿಲ ಕಡೆ ನೋಡಿದರು. ಇವರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡು, ಒಳಗಿನ ಕಡೆಗೆ ಹೇಳಿದರು:

“ಅಕ್ಕ, ಅಣ್ಣನಿಗೆ ಚಾ ಮಾಡು. ಸಕ್ಕರೆ ಹಾಕಬೇಡ, ಅವನಿಗೆ ಶುಗರ್ ಉಂಟು.”

ಅಣ್ಣ ಮಂಚದ ತುದಿಯಲ್ಲಿ ಕೂತರು.